ಐವರು ಬೇಕಾದಲ್ಲಿ ಹತ್ತು ಮಂದಿ

2025ರ ಜನವರಿ ಮೊದಲ ವಾರ. ಸಿಡ್ನಿ ಟೆಸ್ಟಿನ ಕೊನೆಯ ಇನಿಂಗ್ಸಿನಲ್ಲಿ ಬೆನ್ನುನೋವಿನಿಂದ ಬುಮ್ರಾ ಒಂದು ಓವರನ್ನೂ ಹಾಕಲಾಗಲಿಲ್ಲ. ಸರಣಿ 3-1ಕ್ಕೆ ಕೈತಪ್ಪಿತು. ಮರುದಿನ ಲಾಸ್ ಏಂಜಲೀಸಿನ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ನನ್ನದು ಅದೇ ಗೋಳು: ಐದು ಟೆಸ್ಟ್, 32 ವಿಕೆಟ್, ಪಾಪ, ಒಬ್ಬನೇ ಎಷ್ಟು ಅಂತ ಎಳೀತಾನೆ. ಎದುರಿಗೆ ಕೂತಿದ್ದ ಸಹೋದ್ಯೋಗಿ, ಈ ಊರಿನ ಬೇಸ್‌ಬಾಲ್ ತಂಡ ಡಾಡ್ಜರ್ಸ್‌ನ ಅಭಿಮಾನಿ, ತಣ್ಣಗೆ ಕೇಳಿದ: “ಅವನ ಬೆನ್ನು ಹಿಂದೆಯೂ ಕೈಕೊಟ್ಟಿತ್ತು ಅಂತ ನೀನೇ ಹೇಳ್ತೀಯ. ಮತ್ತೆ ಕೈಕೊಡಬಹುದು ಅಂತ ನಿಮ್ಮವರು ಯಾರೂ ಲೆಕ್ಕ ಹಾಕಿರಲಿಲ್ವಾ?”

ಚುರುಕ್ಕೆಂದಿತು. ಏಕೆಂದರೆ ಅವನ ತಂಡ ಆ ಚಳಿಗಾಲದಲ್ಲಿ ಮಾಡುತ್ತಿದ್ದದ್ದೇ ಆ ಲೆಕ್ಕ.

ಬೇಸ್‌ಬಾಲ್‌ನಲ್ಲಿ ಆರು ತಿಂಗಳಿಗೆ 162 ಪಂದ್ಯ. ಪಂದ್ಯ ಶುರುಮಾಡುವ ಪಿಚರ್, ಅಂದರೆ ನಮ್ಮ ಬೌಲರ್ ಇದ್ದ ಹಾಗೆ ಚೆಂಡೆಸೆಯುವವನು, ತೊಂಬತ್ತೋ ನೂರೋ ಚೆಂಡು ಎಸೆದು ಮುಂದಿನ ನಾಲ್ಕೈದು ದಿನ ತೋಳಿಗೆ ವಿಶ್ರಾಂತಿ ಕೊಡಬೇಕು. ಹಾಗಾಗಿ ಸರದಿಗೆ ಐವರು ಸ್ಟಾರ್ಟರ್‌ಗಳು. ಐವರು ಸಾಕು ಎಂದುಕೊಂಡ ತಂಡ ಜೂನ್ ಹೊತ್ತಿಗೆ ಬೀದಿಗೆ ಬಿದ್ದಿರುತ್ತದೆ. 2024ರಲ್ಲಿ ಡಾಡ್ಜರ್ಸ್‌ಗೆ ಆದದ್ದನ್ನೇ ನೋಡಿ. ಗ್ಲಾಸ್ನೋ ಮೊಣಕೈ, ಗ್ಯಾವಿನ್ ಸ್ಟೋನ್ ಭುಜ, ಕರ್ಷಾ ಕಾಲ್ಬೆರಳು. ನಾಕೌಟ್ ಪಂದ್ಯಗಳ ಅಕ್ಟೋಬರ್ ಬಂದಾಗ ನಿಂತಿದ್ದವರು ಯಮಾಮೊಟೊ, ಬ್ಯೂಲರ್, ಮತ್ತು ಜುಲೈ ಕೊನೆಯಲ್ಲಿ ಡೆಟ್ರಾಯಿಟ್‌ನಿಂದ ತರಿಸಿಕೊಂಡ ಫ್ಲಾಹರ್ಟಿ, ಮೂವರೇ. ನಾಲ್ಕನೆಯವನ ಸರದಿ ಬಂದ ದಿನ ಬುಲ್‌ಪೆನ್‌ನಿಂದ, ಅಂದರೆ ಪಂದ್ಯದ ನಡುವೆ ಇಳಿಯುವ ಬದಲಿ ಪಿಚರ್‌ಗಳ ಸಾಲಿನಿಂದ, ಒಬ್ಬೊಬ್ಬರನ್ನೇ ಎಬ್ಬಿಸಿ ದಿನ ದೂಡಿದರು. ಹಾಗೂ ಹೀಗೂ ಲೀಗಿನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದರು.

ಗೆದ್ದ ಮೇಲೆ ನಾವಾಗಿದ್ದರೆ ಮೆರವಣಿಗೆ, ಸನ್ಮಾನ, ಮೈಸೂರು ಪೇಟ. ಇವರದೂ ಮೆರವಣಿಗೆ ಆಯಿತು. ಆದರೆ ತಿಂಗಳೊಳಗೆ ಪಿಚರ್ ಬ್ಲೇಕ್ ಸ್ನೆಲ್ ಜೊತೆ ಐದು ವರ್ಷಕ್ಕೆ 18.2 ಕೋಟಿ ಡಾಲರ್ ಮಾತಾಗಿತ್ತು. ಜನವರಿಯಲ್ಲಿ ಜಪಾನಿನ ರೋಕಿ ಸಾಸಾಕಿ ಬಂದ. ಮೊಣಕೈ ಶಸ್ತ್ರಚಿಕಿತ್ಸೆ ಮುಗಿಸಿದ ಒಟಾನಿ ಮತ್ತೆ ಎಸೆಯುವುದಿತ್ತು. ಗೊನ್ಸೊಲಿನ್, ಡಸ್ಟಿನ್ ಮೇ ವಾಪಸಾಗುವವರಿದ್ದರು. ಅವರ ಹಿಂದೆ ಓಕ್ಲಹೋಮಾ ಸಿಟಿಯಲ್ಲಿರುವ ಡಾಡ್ಜರ್ಸ್‌ನದೇ ಕೆಳಹಂತದ ತಂಡದಲ್ಲಿ ಲ್ಯಾಂಡನ್ ನ್ಯಾಕ್, ರೋಬ್ಲೆಸ್ಕಿ ತರಹದ ಹುಡುಗರು. ಐದು ಜಾಗಕ್ಕೆ ಹತ್ತು ಮಂದಿ! ಇಷ್ಟೊಂದು ಯಾಕೆ ಎಂದರೆ ನನ್ನ ಸಹೋದ್ಯೋಗಿ ಬೆರಳು ಮಡಿಸುತ್ತ ಹೇಳಿದ: ಇವನು ಮೇ ತನಕ, ಅವನು ಜುಲೈ ತನಕ, ಇವನಂತೂ ಮೊದಲ ತಿಂಗಳೇ ಡೌಟು. ಹೆಚ್ಚುಕಡಿಮೆ ಹಾಗೇ ಆಯಿತು. ಸ್ನೆಲ್ ಎರಡೇ ಪಂದ್ಯ ಆಡಿ ಭುಜ ಹಿಡಿದುಕೊಂಡ, ಏಪ್ರಿಲ್‌ನಲ್ಲಿ ಗ್ಲಾಸ್ನೋ, ಮೇನಲ್ಲಿ ಸಾಸಾಕಿ. ತಂಡ ಮಾತ್ರ ಕುಸಿಯಲಿಲ್ಲ.

ನಮ್ಮಲ್ಲಿ ಈ ಮಾತನ್ನು ಬಾಯಿಬಿಟ್ಟು ಆಡಿ ನೋಡೋಣ. 2022ರ ಟಿ20 ವಿಶ್ವಕಪ್‌ಗೆ ಮುಂಚೆ ತುಮಕೂರಿನ ಚಿಕ್ಕಪ್ಪನಿಗೆ ಫೋನ್ ಮಾಡಿದಾಗ, ಬುಮ್ರಾ ಇಲ್ಲದೆ ಹೋದರೆ ಏನು ಗತಿ ಎಂದಿದ್ದೆ. “ಬಿಡ್ತು ಅನ್ನೋ! ಆಡಿದ್ದೇ ಆಗಿಬಿಡತ್ತೆ,” ಎಂದು ರೇಗಿದರು. ಬಿಡ್ತು ಅಂದೆ. ಬುಮ್ರಾ ವಿಶ್ವಕಪ್‌ಗೆ ಹೋಗಲಿಲ್ಲ. ನನ್ನದು ಕರಿನಾಲಿಗೆ ಎಂಬ ತೀರ್ಮಾನ ಮಾತ್ರ ನಮ್ಮ ಮನೆಯಲ್ಲಿ ಖಾಯಂ ಆಯಿತು.

ಮದುವೆಗೆ ಐನೂರು ಎಲೆ ಎಂದರೆ ಆರುನೂರಕ್ಕೆ ಬೇಯಿಸುವ ಜನ ನಾವು. ವೇಗದ ಬೌಲರ್‌ಗಳ ವಿಷಯಕ್ಕೆ ಬಂದಾಗ ಎಣಿಸಿ ಎಲೆ ಹಾಕುತ್ತೇವೆ. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಬುಮ್ರಾ ಐದರಲ್ಲಿ ಮೂರೇ ಟೆಸ್ಟ್ ಆಡುತ್ತಾರೆ ಎಂದು ಮೊದಲೇ ಹೇಳಿದ್ದಕ್ಕೆ ಎಷ್ಟು ಬೈಗುಳ! ದೇಶಕ್ಕಿಂತ ಐಪಿಎಲ್ ಹೆಚ್ಚಾಯಿತಾ ಎಂದು ಕೇಳಿದವರಲ್ಲಿ ನಮ್ಮ ಚಿಕ್ಕಪ್ಪನೂ ಒಬ್ಬರು. ಭಾರತ ಆ ಸರಣಿಯಲ್ಲಿ ಗೆದ್ದ ಎರಡೂ ಟೆಸ್ಟ್‌ಗಳಲ್ಲಿ ಬುಮ್ರಾ ಇರಲಿಲ್ಲ. ಓವಲ್‌ನಲ್ಲಿ ಆರು ರನ್ನಿನ ಗೆಲುವು; ಸಿರಾಜ್ ಒಂಬತ್ತು ವಿಕೆಟ್, ನಮ್ಮ ಪ್ರಸಿದ್ಧ ಕೃಷ್ಣ ಎಂಟು. ತೊಡೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅಷ್ಟು ದಿನ ಹೊರಗೆ ಕೂತಿದ್ದ ಹುಡುಗನನ್ನು ಆ ದಿನ ಚಿಕ್ಕಪ್ಪ “ಬೆಂಗಳೂರಿನ ಮಗ” ಎಂದು ಕೊಂಡಾಡಿದರು. ವಿಶ್ರಾಂತಿಯ ಲೆಕ್ಕಾಚಾರದ ಬಗ್ಗೆ ತುಟಿಪಿಟಕ್ ಅನ್ನಲಿಲ್ಲ.

ಇಲ್ಲಿಯವರ ಲೆಕ್ಕದಲ್ಲೂ ಹುಳುಕಿದೆ, ಹೇಳದಿದ್ದರೆ ತಪ್ಪಾಗುತ್ತದೆ. ಹಿಂದೆ ಹತ್ತು ಜನ ಇದ್ದಾರೆ ಎಂದಮೇಲೆ ಒಂದು ತೋಳು ಮುರಿದರೆ ಯಾರಿಗೂ ಎದೆ ಝಲ್ ಅನ್ನುವುದಿಲ್ಲ. 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದ ಫಾಸ್ಟ್‌ಬಾಲ್ ಸರಾಸರಿ ವೇಗ 2024ಕ್ಕೆ 94.2ಕ್ಕೆ ಏರಿದೆ. ಪ್ರತಿ ಚೆಂಡಿಗೂ ಮೈಮೇಲೆ ಬಂದವರಂತೆ ಎಸೆಯುವುದೇ ಈ ಗಾಯಗಳ ಮೂಲ ಎಂದು ಲೀಗ್ ತಾನೇ ಮಾಡಿಸಿದ ವರದಿಯೂ ಹೇಳಿತು. ಮೊಣಕೈಗೆ ಹೊಸ ಸ್ನಾಯುರಜ್ಜು ಕೂರಿಸುವ ಶಸ್ತ್ರಚಿಕಿತ್ಸೆ ಮೊದಲು ಆದದ್ದು ಇದೇ ಊರಿನಲ್ಲಿ, 1974ರಲ್ಲಿ, ಡಾಡ್ಜರ್ಸ್‌ನ ಟಾಮಿ ಜಾನ್ ತೋಳಿಗೆ; ಮಾಡಿದವರು ಡಾ. ಫ್ರಾಂಕ್ ಜೋಬ್. ಅಂದು ಪವಾಡ. ಇಂದು ಹಲ್ಲು ಕೀಳಿಸಿಕೊಂಡು ಬಂದ ಹಾಗೆ ಮಾತಾಡುತ್ತಾರೆ. 2024ರಲ್ಲಿ ರಿವರ್ ರಯಾನ್ ಎಂಬ ಹುಡುಗ ನಾಲ್ಕೇ ಪಂದ್ಯ ಆಡಿ ಆ ಟೇಬಲ್ ಹತ್ತಿದ. ಓಕ್ಲಹೋಮಾ ಹುಡುಗರದ್ದು ಇನ್ನೊಂದು ಪಾಡು. ಇಂದು ಬಾ, ನಾಳೆ ಹೋಗು. ಒಬ್ಬನನ್ನು ಸೀಸನ್ನಿಗೆ ಐದು ಸಲಕ್ಕಿಂತ ಹೆಚ್ಚು ಕೆಳಗೆ ಕಳಿಸಬಾರದೆಂದು ನಿಯಮವನ್ನೇ ಮಾಡಬೇಕಾಯಿತು.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು, ಚಿಕ್ಕಪ್ಪ ಓದದಿರಲಿ. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಕುಂಬ್ಳೆ 14 ಓವರ್ ಹಾಕಿ ಲಾರಾನನ್ನು ಔಟ್ ಮಾಡಿದ್ದು ನೆನೆದರೆ ಈಗಲೂ ಮೈ ನವಿರೇಳುತ್ತದೆ. ಆಗ ನನ್ನ ತಲೆಗೆ ಯಾವ ಲೆಕ್ಕಾಚಾರವೂ ಹತ್ತುವುದಿಲ್ಲ. ಇವರೇನು ಬೇರೆಯೇ? 2025ರ ವರ್ಲ್ಡ್ ಸೀರೀಸಿನ ಆರನೇ ಪಂದ್ಯದಲ್ಲಿ 96 ಚೆಂಡು ಎಸೆದ ಯಮಾಮೊಟೊ ಮರುರಾತ್ರಿಯೇ ಏಳನೇ ಪಂದ್ಯಕ್ಕೆ ಇಳಿದು ಕೊನೆಯ ತನಕ ನಿಂತು ಗೆಲ್ಲಿಸಿದ. ಅಷ್ಟೆಲ್ಲ ಕೋಟಿ ಸುರಿದು ಹತ್ತು ಮಂದಿಯನ್ನು ಕೂಡಿಹಾಕಿ ಕಡೆಗೆ ಚೆಂಡು ಕೊಟ್ಟದ್ದು ಒಬ್ಬನ ಕೈಗೇ. ನನ್ನ ಲೆಕ್ಕದ ಸಹೋದ್ಯೋಗಿ ಅತ್ತುಬಿಟ್ಟನಂತೆ.

ಆದರೂ ವಾದ ಬಿಡಲು ಮನಸ್ಸಿಲ್ಲ. ಆ ರಾತ್ರಿ ಯಮಾಮೊಟೊ ತೋಳಿನಲ್ಲಿ ಕಸುವು ಉಳಿದಿತ್ತೆಂದರೆ ಅದಕ್ಕೆ ಕಾರಣವಿದೆ: ಬೇಸಿಗೆಯುದ್ದಕ್ಕೂ ಅವನನ್ನು ಹೆಚ್ಚುಕಡಿಮೆ ವಾರಕ್ಕೊಂದೇ ಸಲ ಇಳಿಸಿದ್ದರು. ಉಳಿದ ದಿನಗಳನ್ನು ತುಂಬಿದವರಲ್ಲಿ ಓಕ್ಲಹೋಮಾದಿಂದ ಬಂದ ಹುಡುಗರೂ ಇದ್ದರು. ಅವರ ಹೆಸರು ಚಿಕ್ಕಪ್ಪನಿಗೆ ಗೊತ್ತಿಲ್ಲದ್ದು ಸಹಜ. ಸ್ಟೇಡಿಯಮ್ಮಿನಲ್ಲಿ ನನ್ನ ಅಕ್ಕಪಕ್ಕ ಕೂರುವ ನೀಲಿ ಟೋಪಿಯವರಲ್ಲೂ ಅರ್ಧಕ್ಕರ್ಧ ಜನರಿಗೆ ಗೊತ್ತಿಲ್ಲ.