ಇರ್ಲಿ ಬಿಡ್ರಿ ಕಾಕಾ, ಮುಂದ ಬೇಕಾಗ್ತದ

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆ ಮುಂದಿನ ಕಂಬಕ್ಕೆ ಮೊನ್ನೆ ಇನ್ನೊಂದು ವೈರಿನ ಸುರುಳಿ ಬಿತ್ತು. ನನ್ನ ಲೆಕ್ಕಕ್ಕೆ ಇದು 11ನೆಯದು. ಕರೀ ವೈರು, ಸೈಕಲ್ ಗಾಲಿಯಷ್ಟು ಅಗಲ. ಏಣಿ ಇಳಿಯುತ್ತಿದ್ದ ಇಂಟರ್ನೆಟ್ ಹುಡುಗನನ್ನು ಕೇಳಿದೆ, "ತಮ್ಮಾ, ಇಷ್ಟ್ಯಾಕ ಬಿಟ್ಟಿ?"

"ಇರ್ಲಿ ಬಿಡ್ರಿ ಕಾಕಾ, ಮುಂದ ಬೇಕಾಗ್ತದ."

ನನಗೆ ಬಾಯಿ ಬರಲಿಲ್ಲ. ಒಳಗೆ ನಾನು ಮಾಡುತ್ತಿದ್ದದ್ದೂ ಅದೇ ಕೆಲಸ.

ಹೊಸ ಸ್ಪೀಕರ್ ತಂದಿದ್ದೆ. ಎಡಗಡೆಯದಕ್ಕೆ 3 ಮೀಟರ್ ವೈರು ಸಾಕು, ಬಲಗಡೆಯದಕ್ಕೆ 8 ಬೇಕು. ಅಂಗಡಿಯವರು ಎರಡಕ್ಕೂ 8 ಮೀಟರ್ ಕೊಟ್ಟರು. "ಸಮ ಇರಬೇಕ್ರಿ ಸರ, ಇಲ್ಲಂದ್ರ ಒಂದ್ ಕಿವಿಗೆ ದನಿ ಮೊದಲ ಬರ್ತದ." ಉಳಿದ 5 ಮೀಟರನ್ನು ಸುತ್ತಿ ಇಡಬಾರದಂತೆ, ದನಿ ಕೆಡುತ್ತದಂತೆ. ಹಾವಿನ ಹಾಗೆ ಅಂಕುಡೊಂಕಾಗಿ ನೆಲದ ಮೇಲೆ ಹರಡಬೇಕಂತೆ.

ಹರಡಿದೆ. ಸೋಫಾ ಕೆಳಗೆ ಘಟಪ್ರಭೆಯೇ ಹರಿಯಿತು. ಕಸ ಹೊಡೆಯಲು ಬಂದ ಹೆಂಡತಿ ಪೊರಕೆ ಕೈಗೆ ಕೊಟ್ಟು ಹೋದಳು.

ಆಮೇಲೆ ಲೆಕ್ಕ ಹಾಕಿದೆ. 5 ಮೀಟರ್ ವೈರು ದಾಟಲು ಸಿಗ್ನಲ್‌ಗೆ ಹಿಡಿಯುವ ಹೊತ್ತು ಸೆಕೆಂಡಿನ ಸುಮಾರು 4 ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲಿ ಗಾಳಿಯಲ್ಲಿ ದನಿ ಒಂದು ಕೂದಲಿನ ದಪ್ಪದಷ್ಟೂ ಮುಂದೆ ಹೋಗಿರುವುದಿಲ್ಲ. ತಾಳ ಹಾಕುವ ನೆವದಲ್ಲಿ ನಾನು ಕತ್ತನ್ನು ಒಂದು ಸೆಂಟಿಮೀಟರ್ ಅಲುಗಿಸಿದರೆ ಅದರ ಸಾವಿರ ಪಟ್ಟು ವ್ಯತ್ಯಾಸ! ಸುತ್ತಿಟ್ಟರೂ ಕೆಡುವುದು ಏನೂ ಇಲ್ಲ. ಜೋಡಿ ಎಳೆಯಲ್ಲಿ ಒಂದರಲ್ಲಿ ಹೋದ ಕರೆಂಟು ಇನ್ನೊಂದರಲ್ಲಿ ವಾಪಸ್ ಬರುತ್ತದೆ, ಒಂದರ ಪ್ರಭಾವವನ್ನು ಇನ್ನೊಂದು ತಿಂದುಹಾಕುತ್ತದೆ. ಎಡಕ್ಕೆ 3 ಮೀಟರ್ ಕತ್ತರಿಸಿ ಹಾಕಿದ್ದರೆ ಮುಗಿದಿತ್ತು. ಆದರೆ ಮೀಟರಿಗಿಷ್ಟು ಅಂತ ಮಾರುವವರು ಕಡಿಮೆ ಹಾಕಿ ಅಂತ ಯಾಕೆ ಹೇಳ್ತಾರೆ, ಅಲ್ವಾ?

ನಾನು ಬಿಡಿ, ನನ್ನ ಹುಚ್ಚು ನನ್ನ ಸೋಫಾ ಕೆಳಗಿದೆ. ಊರಿನದು ತಲೆಯ ಮೇಲಿದೆ. 2016ರಲ್ಲಿ ಸ್ಮಾರ್ಟ್ ಸಿಟಿ ಅಂತ ಮೊದಲು ಆರಿಸಿದ 20 ಊರುಗಳಲ್ಲಿ ನಮ್ಮ ಬೆಳಗಾವಿಯೂ ಒಂದು. ಎಂಥಾ ಸ್ಮಾರ್ಟು! ಗಣಪತ ಗಲ್ಲಿಯಲ್ಲಿ ತಲೆ ಎತ್ತಿದರೆ ಆಕಾಶಕ್ಕೆ ನೂಲು ಹಾಕಿ ನೇಯ್ದ ಹಾಗಿದೆ. ಶಹಾಪುರದ ಮಗ್ಗದವರೂ ನಾಚಬೇಕು. ಗಣಪ್ಪನ ಮೆರವಣಿಗೆಯಲ್ಲಿ ಒಬ್ಬ ಹುಡುಗ ಉದ್ದ ಬಿದಿರು ಹಿಡಿದು ವೈರು ಎತ್ತುತ್ತಾ ಮುಂದೆ ನಡೆಯಬೇಕು. ವಿಘ್ನ ಕಳೆಯುವ ದೇವರಿಗೇ ಒಬ್ಬ ಹೆಲ್ಪರ್.

ಇಂಟರ್ನೆಟ್ಟಿನ ಫೈಬರ್ ವೈರು ತುಂಡಾದರೆ ಜೋಡಿಸಲಿಕ್ಕೆ ಸ್ವಲ್ಪ ಉಳಿಸಿ ಸುತ್ತಿಡುವುದು ಆ ಕಸುಬಿನ ಪದ್ಧತಿ. ಒಪ್ಪೋಣ. ಸ್ವಲ್ಪ! ಕನೆಕ್ಷನ್ ತೆಗೆಸಿ ವರ್ಷಗಳೇ ಆದ ಮನೆಗಳ ವೈರೂ ಅಲ್ಲೇ ನೇತಾಡುತ್ತಿದೆಯಲ್ಲ, ಅದು ಯಾವ ಪದ್ಧತಿ? ಹೋದ ಮಳೆಗಾಲದ ರಾತ್ರಿ ಪಕ್ಕದ ಮನೆಯ ಹುಡುಗ ಬೈಕಿನಲ್ಲಿ ಬರುವಾಗ ಜೋತುಬಿದ್ದ ಒಂದು ವೈರು ಕತ್ತಿಗೆ ಸಿಕ್ಕಿತು. ನಿಧಾನಕ್ಕೆ ಬರುತ್ತಿದ್ದ, ಉಳಿದ. ಕತ್ತಿನ ಮೇಲೆ ಗೆರೆ ಇನ್ನೂ ಇದೆ. ಕಂಪನಿಗೆ ಫೋನ್ ಮಾಡಿದರೆ ವೈರು ನಮ್ಮದಲ್ಲ ಅಂದರು. ಇನ್ನೊಂದು ಕಂಪನಿಯೂ ಅದನ್ನೇ ಅಂದಿತು. ಯಾರದೂ ಅಲ್ಲದ ವೈರನ್ನು ಕಂಬ ಹತ್ತಿ ಕಟ್ಟಿದ್ದು ಯಾರ್ರೀ? ಕೇಳಿ ಕೇಳಿ ಸಾಕಾಗಿದೆ.

ಅದೇ ವೈರಿಗೆ ನಿನ್ನೆ ಯಾರೋ ಟವೆಲ್ ಒಣಹಾಕಿದ್ದಾರೆ. ಆ ಇಂಟರ್ನೆಟ್ ಹುಡುಗ ಹೇಳಿದ್ದು ಸುಳ್ಳಾಗಲಿಲ್ಲ, ಮುಂದ ಬೇಕಾಯ್ತು.