ಬುದ್ಧಿಹಲ್ಲು ತೆಗೆಸಿದ ಮೇಲೆ ಹೆಪ್ಪು ಕೆಡಿಸಬೇಡಿ

ಬುದ್ಧಿಹಲ್ಲು ತೆಗೆಸಬೇಕು ಅಂತ ಡಾಕ್ಟರ್ ಹೇಳಿದ ತಕ್ಷಣ ಎಲ್ಲರೂ ಕೇಳುವುದು ಒಂದೇ: "ಕೀಳುವಾಗ ನೋವಾಗುತ್ತಾ?" ಕೀಳುವ ಹೊತ್ತಿನ ನೋವಿಗೆ ಒಳ್ಳೆಯ ಇಂಜೆಕ್ಷನ್ ಇದೆ, ಅದರ ಚಿಂತೆ ಬೇಡ. ಜನ ಒದ್ದಾಡುವುದು ಮೂರನೇ ದಿನ, ನಾಲ್ಕನೇ ದಿನ, ರಾತ್ರಿ ಕ್ಲಿನಿಕ್ಕಿನ ಬಾಗಿಲು ಹಾಕಿದ ಮೇಲೆ. ಆ ನೋವಿನ ಬಗ್ಗೆ ಮುಂಚೆ ಯಾರೂ ಕೇಳುವುದಿಲ್ಲ, ಹೇಳುವವರೂ ಸರಿಯಾದ ಹೊತ್ತಿಗೆ ಹೇಳುವುದಿಲ್ಲ. ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಅರ್ಧ ಮುಖ ಜೋಮು ಹಿಡಿದು ಕೂತವರ ಕೈಗೆ ಇಂಗ್ಲಿಷಿನಲ್ಲಿ ಅಚ್ಚಾದ ಚೀಟಿ ಕೊಟ್ಟು ಕಳಿಸುವುದು ಎಷ್ಟೋ ಕಡೆ ನಡೆಯುತ್ತದೆ. ನನ್ನ ತಕರಾರು ಇದೇ. ಆ ಚೀಟಿಯಲ್ಲಿರುವುದನ್ನು ಹಲ್ಲು ಮುಟ್ಟುವ ಮೊದಲೇ, ಕನ್ನಡದಲ್ಲಿ, ಜೊತೆಗೆ ಬಂದವರನ್ನೂ ಕೂರಿಸಿಕೊಂಡು ಹೇಳಬೇಕು. ಮನೆಗೆ ಹೋದ ಮೇಲೆ ಗಂಜಿ ಮಾಡುವವರು, ಮಾತ್ರೆ ಕೊಡುವವರು ಅವರೇ.

ಹೇಳಬೇಕಾದದ್ದರಲ್ಲಿ ಮುಖ್ಯವಾದದ್ದು ಹೆಪ್ಪಿನ ವಿಷಯ. ಹಾಲಿಗೆ ಹೆಪ್ಪು ಹಾಕಿಟ್ಟ ಪಾತ್ರೆಯನ್ನು ನಮ್ಮ ಮನೆಗಳಲ್ಲಿ ಯಾರೂ ಅಲುಗಾಡಿಸುವುದಿಲ್ಲ. ಹಲ್ಲು ಕಿತ್ತ ಗುಳಿಗೂ ಅದೇ ಮಾತು. ಗುಳಿಯಲ್ಲಿ ರಕ್ತ ತುಂಬಿ ಅಲ್ಲೇ ಹೆಪ್ಪುಗಟ್ಟುತ್ತದೆ. ಬರಿದಾದ ಮೂಳೆಗೂ ನರದ ತುದಿಗಳಿಗೂ ಆ ಹೆಪ್ಪೇ ಹೊದಿಕೆ. ಅದರೊಳಗೇ ಮೊದಲು ಹೊಸ ಮಾಂಸ, ಆಮೇಲೆ ಮೂಳೆ ಬೆಳೆಯಬೇಕು. ಹೆಪ್ಪು ಕಿತ್ತು ಬಂದರೆ ಅಥವಾ ಬೇಗ ಕರಗಿಹೋದರೆ ಮೂಳೆ ಗಾಳಿಗೆ, ನೀರಿಗೆ, ಊಟಕ್ಕೆ ತೆರೆದುಕೊಳ್ಳುತ್ತದೆ. ಡಾಕ್ಟರುಗಳು ಡ್ರೈ ಸಾಕೆಟ್ ಅನ್ನುವುದು ಇದನ್ನೇ. 1896ರಿಂದಲೂ ಈ ಹೆಸರು ಬಳಕೆಯಲ್ಲಿದೆ.

ಅದಕ್ಕೂ ಮೊದಲು, ತೆಗೆಸಲೇಬೇಕಾ ಅನ್ನುವ ಪ್ರಶ್ನೆ. ಬುದ್ಧಿಹಲ್ಲು ಸಾಮಾನ್ಯವಾಗಿ 17ರಿಂದ 25ನೇ ವಯಸ್ಸಿನೊಳಗೆ ಬರುತ್ತದೆ. ನೆಟ್ಟಗೆ ಬಂದು, ಬ್ರಷ್ ಮುಟ್ಟುವಂತಿದ್ದು, ತೊಂದರೆ ಕೊಡದಿದ್ದರೆ ಅದರ ಪಾಡಿಗೆ ಅದನ್ನು ಬಿಡಬಹುದು. ಬ್ರಿಟನ್ನಿನಲ್ಲಿ ಚಿಕಿತ್ಸೆಗಳಿಗೆ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2000ದಲ್ಲೇ, ರೋಗವಿಲ್ಲದ ಹೂತ ಬುದ್ಧಿಹಲ್ಲನ್ನು ಬರೀ ಮುನ್ನೆಚ್ಚರಿಕೆಗೆಂದು ತೆಗೆಯಬೇಡಿ ಅಂತ ಮಾರ್ಗಸೂಚಿ ಕೊಟ್ಟಿತು. "ಇದು ತಳ್ಳಿ ಮುಂದಿನ ಹಲ್ಲೆಲ್ಲ ಸೊಟ್ಟಗಾಗುತ್ತೆ" ಅನ್ನುವುದೊಂದೇ ಕಾರಣಕ್ಕೆ ತೆಗೆಸಬೇಡಿ, ಅದಕ್ಕೆ ಗಟ್ಟಿ ಆಧಾರವಿಲ್ಲ. ಆದರೆ ಅರ್ಧ ಹೊರಬಂದ ಹಲ್ಲಿನ ಮೇಲೆ ವಸಡಿನ ಮುಚ್ಚಳ ಉಳಿದು, ಅದರಡಿ ಅನ್ನದ ಅಗುಳು ಸೇರಿ ಮತ್ತೆ ಮತ್ತೆ ಬಾವು ಬರುತ್ತಿದ್ದರೆ ತೆಗೆಸಬೇಕು. ಹಲ್ಲು ಓರೆಯಾಗಿ ಮುಂದಿನ ದವಡೆ ಹಲ್ಲಿಗೆ ಒರಗಿ ಅದಕ್ಕೂ ಹುಳುಕು ಹತ್ತಿಸುತ್ತಿದ್ದರೂ, ಸುತ್ತ ನೀರಿನ ಚೀಲದಂಥ ಗಂಟು ಕಂಡರೂ ತೆಗೆಸಬೇಕು. ಹಾಗಿದ್ದ ಮೇಲೆ ಮುಂದೂಡುವುದರಲ್ಲಿ ಲಾಭವಿಲ್ಲ. ವಯಸ್ಸಾದಷ್ಟೂ ಮೂಳೆ ಗಟ್ಟಿಯಾಗುತ್ತದೆ, ಗಾಯ ಮಾಯುವುದೂ ನಿಧಾನ.

ಓಪಿಜಿ ಅನ್ನುವ ಇಡೀ ದವಡೆಯ ಎಕ್ಸ್‌ರೇ ಇಲ್ಲದೆ ಕೆಳಗಿನ ಬುದ್ಧಿಹಲ್ಲಿಗೆ ಕೈ ಹಾಕಿಸಬೇಡಿ. ಅದನ್ನು ಬೆಳಕಿಗೆ ಹಿಡಿದು ಎರಡು ವಿಷಯ ತೋರಿಸಿ ಅಂತ ಕೇಳಿ. ಒಂದು, ಹಲ್ಲು ಎತ್ತ ವಾಲಿದೆ ಅನ್ನುವುದು. ಮುಂದಕ್ಕೆ ವಾಲಿದ್ದು ಹೆಚ್ಚು ಕಾಣುವ ಬಗೆ. ಹಿಂದಕ್ಕೆ ವಾಲಿದ್ದು ಎಕ್ಸ್‌ರೇಯಲ್ಲಿ ಸುಲಭ ಅನ್ನಿಸಿದರೂ ಕೆಳದವಡೆಯಲ್ಲಿ ತೆಗೆಯಲು ತುಂಬ ಕಷ್ಟ, ಏಕೆಂದರೆ ಅದು ಹೊರಬರಬೇಕಾದ ದಾರಿಯಲ್ಲೇ ದವಡೆಯ ಮೂಳೆ ಗೋಡೆಯಂತೆ ನಿಂತಿರುತ್ತದೆ. ಇನ್ನೊಂದು, ನರದ ಕಾಲುವೆ. ಕೆಳತುಟಿಗೆ, ಗದ್ದಕ್ಕೆ ಸ್ಪರ್ಶ ಕೊಡುವ ನರ ಹಲ್ಲಿನ ಬೇರಿನ ಕೆಳಗೇ ಹಾದುಹೋಗುತ್ತದೆ, ಎಕ್ಸ್‌ರೇಯಲ್ಲಿ ಎರಡು ಬಿಳಿ ಗೆರೆಗಳ ನಡುವಿನ ಹಾದಿಯಾಗಿ ಕಾಣುತ್ತದೆ. ಬೇರಿನ ಹತ್ತಿರ ಆ ಗೆರೆ ಅಳಿಸಿದಂತಿದ್ದರೆ, ಅಥವಾ ಬೇರು ಅಲ್ಲಿ ಕಪ್ಪಾಗಿ ಕಂಡರೆ ಸಿಬಿಸಿಟಿ ಅನ್ನುವ ಮೂರು ಆಯಾಮದ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ನರ ಬೇರಿಗೆ ಅಂಟಿಕೊಂಡೇ ಇದ್ದರೆ ಹಲ್ಲಿನ ತಲೆ ಮಾತ್ರ ಕತ್ತರಿಸಿ, ಬೇರನ್ನು ಅಲ್ಲೇ ಬಿಡುವ ಪದ್ಧತಿಯೂ ಇದೆ. ತುಟಿ ಶಾಶ್ವತವಾಗಿ ಜೋಮು ಹಿಡಿಯುವುದು ಒಟ್ಟಾರೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗೆ. ಆದರೂ ನಿಮ್ಮ ಹಲ್ಲಿನ ಮಟ್ಟಿಗೆ ಆ ಅಪಾಯ ಎಷ್ಟು ಅನ್ನುವುದನ್ನು ಕೇಳಿಯೇ ಸಹಿ ಹಾಕಿ. ಇಂಥ ಹಲ್ಲಿಗೆ ಓರಲ್ ಸರ್ಜನ್ ಹತ್ತಿರವೇ ಹೋಗಿ. ದುಡ್ಡಿನ ತೊಂದರೆ ಇದ್ದವರಿಗೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಇದೆ, ಬೇರೆ ಊರುಗಳ ದಂತ ಕಾಲೇಜುಗಳ ಆಸ್ಪತ್ರೆಗಳಲ್ಲೂ ಇದಕ್ಕೇ ಒಂದು ವಿಭಾಗ ಇರುತ್ತದೆ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತೆ ಅಂತ ಇವತ್ತಿಗೂ ಹಿರಿಯರು ಹೆದರಿಸುತ್ತಾರೆ. ನೋಡುವ ನರವೇ ಬೇರೆ, ಹಲ್ಲಿನ ನರವೇ ಬೇರೆ. ಈ ಮಾತು ನಂಬಿ ಕೀವು ತುಂಬಿದ ಹಲ್ಲನ್ನು ಬಾಯಲ್ಲೇ ಇಟ್ಟುಕೊಳ್ಳುವುದು ನಿಜವಾದ ಅಪಾಯ.

ಬಾವು ಜೋರಾಗಿರುವಾಗ ಹೋದರೆ ಡಾಕ್ಟರ್ ಆವತ್ತೇ ಕೀಳದೆ ತೊಳೆದು, ಮಾತ್ರೆ ಕೊಟ್ಟು ಕಳಿಸಬಹುದು. ಅದಕ್ಕೆ ಬೇಸರ ಬೇಡ. ಕೀವು ತುಂಬಿದ ಜಾಗ ಆಮ್ಲೀಯವಾಗಿರುತ್ತದೆ, ಅಲ್ಲಿ ಜೋಮಿನ ಔಷಧಿ ನರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಬಾಯಿಯೂ ಪೂರ್ತಿ ತೆರೆಯುವುದಿಲ್ಲ.

ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ, ಅಸ್ತಮಾ, ಔಷಧಿಯ ಅಲರ್ಜಿ, ಗರ್ಭ, ಎಲ್ಲವನ್ನೂ ಮುಂಚೆಯೇ ಹೇಳಿ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಬಾರದು. ನಿಲ್ಲಿಸಿದರೆ ಹೃದಯಕ್ಕೆ, ಮಿದುಳಿಗೆ ಆಗುವ ಅಪಾಯ ಹಲ್ಲಿನ ರಕ್ತಸ್ರಾವಕ್ಕಿಂತ ದೊಡ್ಡದು, ಹೃದಯದ ಡಾಕ್ಟರನ್ನು ಕೇಳಿ ತೀರ್ಮಾನಿಸಬೇಕು. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಕೆಲವು ಔಷಧಿಗಳಿಂದ ದವಡೆ ಮೂಳೆ ಮಾಯದೆ ಕೊಳೆಯುವುದುಂಟು. ಅಡಿಕೆ, ಗುಟ್ಕಾ ಜಗಿಯುವವರು ಕನ್ನಡಿ ಮುಂದೆ ನಿಂತು ತಮ್ಮದೇ ಮೂರು ಬೆರಳನ್ನು ನಿಲುವಾಗಿ ಹಲ್ಲುಗಳ ನಡುವೆ ಹಿಡಿಸಿ ನೋಡಿಕೊಳ್ಳಿ. ಹಿಡಿಸದಿದ್ದರೆ ಬಾಯಿ ಸರಿಯಾಗಿ ತೆರೆಯುತ್ತಿಲ್ಲ ಅಂತ ಅರ್ಥ, ಅದನ್ನೇ ಮೊದಲು ತೋರಿಸಬೇಕು.

ಬರೀ ಜೋಮಿನ ಇಂಜೆಕ್ಷನ್ನಿನಲ್ಲಿ ಮಾಡುವುದಾದರೆ ಹೊಟ್ಟೆ ತುಂಬ ತಿಂಡಿ ತಿಂದು ಹೋಗಿ. ಖಾಲಿ ಹೊಟ್ಟೆಗೆ ತಲೆಸುತ್ತು ಬರುವುದೇ ಹೆಚ್ಚು. ಪೂರ್ತಿ ಪ್ರಜ್ಞೆ ತಪ್ಪಿಸುವುದಾದರೆ ಮಾತ್ರ ಅವರು ಹೇಳಿದಷ್ಟು ಗಂಟೆ ಉಪವಾಸ ಇರಬೇಕು.

ಇಂಜೆಕ್ಷನ್ನಿನಲ್ಲಿ ಸಾಮಾನ್ಯವಾಗಿ ಇರುವುದು 2% ಲಿಗ್ನೊಕೇನ್, ಜೊತೆಗೆ ಚೂರು ಅಡ್ರಿನಲಿನ್. ಕೊಟ್ಟ ಕೂಡಲೇ ಒಂದೆರಡು ನಿಮಿಷ ಎದೆ ಹೊಡೆದುಕೊಂಡರೆ ಅದು ಅಡ್ರಿನಲಿನ್ನಿನ ಕೆಲಸ, ಗಾಬರಿ ಬೇಡ. ಐದು ನಿಮಿಷಕ್ಕೆ ಆ ಬದಿಯ ಕೆಳತುಟಿ, ಅರ್ಧ ನಾಲಿಗೆ ದಪ್ಪಗಾದಂತೆ ಅನ್ನಿಸಬೇಕು. ಅನ್ನಿಸದಿದ್ದರೆ ಸಂಕೋಚ ಬಿಟ್ಟು ಹೇಳಿ, ಇನ್ನೊಂದು ಡೋಸ್ ಕೊಡುತ್ತಾರೆ. ಚುಚ್ಚುವ ನೋವು ಹೋಗುತ್ತದೆ, ಒತ್ತಡ ಮಾತ್ರ ಗೊತ್ತಾಗುತ್ತದೆ. ಈ ವ್ಯತ್ಯಾಸ ಮೊದಲೇ ತಿಳಿದಿರಲಿ. ಆಮೇಲೆ ವಸಡು ಸೀಳಿ ಸರಿಸುತ್ತಾರೆ, ಹಲ್ಲಿನ ಸುತ್ತಲ ಮೂಳೆಯನ್ನು ಸ್ವಲ್ಪ ಕೊರೆಯುತ್ತಾರೆ. ಕೊರೆಯುವಾಗ ಉಪ್ಪುನೀರು ಹಾಯಿಸುತ್ತಲೇ ಇರಬೇಕು, ಮೂಳೆ ಕಾದರೆ ಸಾಯುತ್ತದೆ. ಓರೆ ಹಲ್ಲನ್ನು ಇಡಿಯಾಗಿ ಎಳೆಯುವುದಿಲ್ಲ, ಎರಡು ಮೂರು ತುಂಡು ಮಾಡಿ ಒಂದೊಂದಾಗಿ ಎಬ್ಬಿಸುತ್ತಾರೆ. "ಕಟ್" ಅನ್ನುವ ಸದ್ದು ದವಡೆಯ ಮೂಲಕವೇ ಕಿವಿಗೆ ಕೇಳುತ್ತದೆ. ಮುರಿದದ್ದು ಹಲ್ಲು, ದವಡೆಯಲ್ಲ. ಕೊನೆಗೆ ತೊಳೆದು ಎರಡು ಮೂರು ಹೊಲಿಗೆ ಹಾಕುತ್ತಾರೆ. ಸಾಮಾನ್ಯವಾಗಿ 20ರಿಂದ 40 ನಿಮಿಷದ ಕೆಲಸ, ಕಷ್ಟದ ಹಲ್ಲಾದರೆ ಒಂದು ಗಂಟೆ.

ಹೆಪ್ಪಿನ ಕೆಲಸ ಶುರುವಾಗುವುದು ಇಲ್ಲಿಂದ. ಕೊಟ್ಟ ಹತ್ತಿಯನ್ನು 45 ನಿಮಿಷದಿಂದ ಒಂದು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಿ. ಮಾತು ಬೇಡ. ಐದೈದು ನಿಮಿಷಕ್ಕೆ ತೆಗೆದು ನೋಡುವುದೂ ಬೇಡ, ತೆಗೆದಾಗಲೆಲ್ಲ ಅರ್ಧ ಕಟ್ಟಿದ ಹೆಪ್ಪು ಹತ್ತಿಗೆ ಅಂಟಿ ಬರುತ್ತದೆ. ಮೊದಲ 24 ಗಂಟೆ ಉಗುಳಬಾರದು. ನಮ್ಮ ಜನಕ್ಕೆ ಇದೇ ಕಷ್ಟ. ಎಂಜಲಿನಲ್ಲಿ ಕೆಂಪು ಕಂಡ ಕೂಡಲೇ ಬಚ್ಚಲಿಗೆ ಹೋಗಿ ಥೂ ಥೂ ಅಂತ ಉಗುಳುತ್ತಾರೆ. ಉಗುಳಿದಷ್ಟೂ ರಕ್ತ ಬರುತ್ತದೆ, ಬಂದಷ್ಟೂ ಉಗುಳುತ್ತಾರೆ. ಒಂದು ಹನಿ ರಕ್ತ ಸಾಕು, ಬಾಯಿ ತುಂಬ ಎಂಜಲು ಕೆಂಪಾಗಲು. ನುಂಗಿಬಿಡಿ, ಅಥವಾ ಬಾಯಿಂದ ತಾನಾಗಿ ಇಳಿಯಲು ಬಿಟ್ಟು ಒರೆಸಿಕೊಳ್ಳಿ. ಮುಕ್ಕಳಿಸುವುದೂ ಆವತ್ತು ಬೇಡ. ಉಪ್ಪುನೀರು ಒಳ್ಳೆಯದು ಅಂತ ಮನೆಗೆ ಬಂದ ಕೂಡಲೇ ಮುಕ್ಕಳಿಸಿ ಹೆಪ್ಪು ಕಳೆದುಕೊಂಡವರು ಬಹಳ ಜನ. ಉಪ್ಪುನೀರಿಗೂ ಸಮಯ ಇದೆ, ಅದು ಮರುದಿನ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು, ದಿನಕ್ಕೆ ನಾಲ್ಕೈದು ಸಲ, ಊಟವಾದ ಮೇಲಂತೂ ತಪ್ಪದೆ. ಜೋರಾಗಿ ಗುಳುಗುಳು ಮಾಡದೆ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ಹೊರಗೆ ಬಿಡಿ.

ಎಳನೀರು ಒಳ್ಳೆಯದು, ಆದರೆ ಸ್ಟ್ರಾ ಹಾಕಿ ಹೀರಬಾರದು. ಹೀರುವಾಗ ಬಾಯಲ್ಲಿ ಆಗುವ ಎಳೆತ ಹೆಪ್ಪನ್ನೇ ಎಳೆಯುತ್ತದೆ. ಲೋಟಕ್ಕೆ ಹುಯ್ಯಿಸಿಕೊಳ್ಳಿ. ಬೀಡಿ ಸಿಗರೇಟಿನಲ್ಲಿ ಎಳೆತವೂ ಇದೆ, ರಕ್ತನಾಳ ಕುಗ್ಗಿಸುವ ನಿಕೋಟಿನ್ನೂ ಇದೆ. ಕನಿಷ್ಠ ಮೂರು ದಿನ, ಸಾಧ್ಯವಾದರೆ ಒಂದು ವಾರ ಬಿಡಬೇಕು. ಎಲೆ ಅಡಿಕೆ, ಹೊಗೆಸೊಪ್ಪಿಗೂ ಇದೇ ಲೆಕ್ಕ. ಜೋಮು ಇಳಿಯುವವರೆಗೆ, ಅಂದರೆ ಮೂರು ನಾಲ್ಕು ಗಂಟೆ, ಬಿಸಿ ಕಾಫಿ ಮುಟ್ಟಬೇಡಿ. ಸುಟ್ಟರೂ ಗೊತ್ತಾಗುವುದಿಲ್ಲ, ತುಟಿ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ.

ಊಟಕ್ಕೆ ನಮ್ಮ ಅಡುಗೆಮನೆಯಲ್ಲಿ ಬೇಕಾದ್ದಿದೆ. ಆರಿದ ರಾಗಿ ಅಂಬಲಿ, ಗಂಜಿ, ಹಾಲಿನಲ್ಲಿ ಕಿವುಚಿದ ಇಡ್ಲಿ, ಬೇಳೆಕಟ್ಟು, ಮೆತ್ತಗೆ ಕಲಸಿದ ಮೊಸರನ್ನ. ಮೊಸರನ್ನಕ್ಕೆ ಒಗ್ಗರಣೆ ಮಾತ್ರ ಬೇಡ. ಒಂದು ಸಾಸಿವೆ ಕಾಳು ಗುಳಿಯೊಳಗೆ ಕೂತರೆ ನಾಲಿಗೆ ದಿನವಿಡೀ ಅಲ್ಲೇ ಹೋಗುತ್ತದೆ, ಕೆದಕುತ್ತದೆ. ಮುದ್ದೆ ನುಂಗಿ ಅಭ್ಯಾಸ ಇರುವವರಿಗೆ ಎರಡನೇ ದಿನದಿಂದ ಉಗುರುಬೆಚ್ಚಗಿನ ಸಣ್ಣ ತುತ್ತು ಒಳ್ಳೆಯದೇ. ಸಾರನ್ನು ಸೋಸಿಕೊಳ್ಳಿ, ಖಾರ ಕಡಿಮೆ ಇರಲಿ. ಮಂಡಕ್ಕಿ, ಚಕ್ಕುಲಿ, ಕಡಲೆಬೀಜ ಎರಡು ವಾರ ದೂರ.

ಊತ ಹೆಚ್ಚಾಗುವುದು ಎರಡನೇ ಮೂರನೇ ದಿನ. "ನಿನ್ನೆಗಿಂತ ಇವತ್ತು ಜಾಸ್ತಿಯಾಗಿದೆ" ಅಂತ ಹೆದರುವುದು ಇಲ್ಲೇ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು ಕೆನ್ನೆಗೆ 20 ನಿಮಿಷ ಇಟ್ಟು 20 ನಿಮಿಷ ತೆಗೆಯಿರಿ. ಎರಡು ದಿನ ಕಳೆದ ಮೇಲೆ ಶಾಖ ಕೊಡಬಹುದು. ಬಾಯಿ ತೆರೆಯಲು ಬಿಗಿಯಾಗುವುದೂ ಸಹಜ, ವಾರದಲ್ಲಿ ಸಡಿಲವಾಗುತ್ತಾ ಬರುತ್ತದೆ.

ಜೋಮು ಇಳಿಯುವ ಮೊದಲೇ ಮೊದಲ ನೋವಿನ ಮಾತ್ರೆ ತೆಗೆದುಕೊಳ್ಳಿ, ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡನ್ನೂ ಸೇರಿಸಿ ಕೊಟ್ಟರೆ ಒಂದೊಂದನ್ನೇ ಕೊಡುವುದಕ್ಕಿಂತ ಬುದ್ಧಿಹಲ್ಲಿನ ನೋವು ಚೆನ್ನಾಗಿ ಹಿಡಿತಕ್ಕೆ ಬರುತ್ತದೆ ಅನ್ನುವುದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆಯಲ್ಲಿ ಸಿಕ್ಕ ಫಲಿತಾಂಶ. ಆದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ ಐಬುಪ್ರೊಫೆನ್ ಬೇಡ. ಕೆಲವು ಅಸ್ತಮಾ ರೋಗಿಗಳಿಗೂ ಅದು ಆಗಿಬರುವುದಿಲ್ಲ. ಮಳೆಗಾಲದಲ್ಲಿ ಜ್ವರ ಬಂದು ಡೆಂಗಿ ಅನುಮಾನ ಇದ್ದರೆ ಕೂಡಲೇ ನಿಲ್ಲಿಸಿ. ಆಂಟಿಬಯಾಟಿಕ್ ಎಲ್ಲರಿಗೂ ಬೇಕಿಲ್ಲ. ಬರೆದುಕೊಡದಿದ್ದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಬೇಡಿ.

ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿದಿದ್ದ ನೋವು ಮೂರನೇ ನಾಲ್ಕನೇ ದಿನ ಮತ್ತೆ ಎದ್ದು, ಕಿವಿಯವರೆಗೆ ಹೊಡೆದು, ಬಾಯಿ ವಾಸನೆ ಬಂದು, ಮಾತ್ರೆಗೂ ಬಗ್ಗದಿದ್ದರೆ ಅದು ಡ್ರೈ ಸಾಕೆಟ್ ಇರಬಹುದು. ಎಲ್ಲ ಜಾಗ್ರತೆ ಮಾಡಿದವರಿಗೂ ಬರುವುದುಂಟು, ಅದರಲ್ಲೂ ಕಷ್ಟಪಟ್ಟು ತೆಗೆದ ಕೆಳಗಿನ ಹಲ್ಲಿಗೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಂಗಸರಿಗೆ. ಹಾಗಾಗಿ "ನೀನೇ ಏನೋ ಮಾಡಿಕೊಂಡೆ" ಅಂತ ಬಯ್ಯುವುದು ತಪ್ಪು. ಡಾಕ್ಟರ್ ಗುಳಿ ತೊಳೆದು, ಲವಂಗದ ಸತ್ವ ಇರುವ ಔಷಧಿಯ ಪಟ್ಟಿ ಇಟ್ಟರೆ ಬೇಗನೆ ತಣ್ಣಗಾಗುತ್ತದೆ. ಅದನ್ನು ಒಂದೆರಡು ದಿನಕ್ಕೊಮ್ಮೆ ಬದಲಿಸಬೇಕಾಗಬಹುದು. ಮನೆಯಲ್ಲಿ ಲವಂಗದೆಣ್ಣೆಯನ್ನೇ ಹತ್ತಿಗೆ ಅದ್ದಿ ತುರುಕಬೇಡಿ, ಹಸಿ ಗಾಯ ಸುಡುತ್ತದೆ.

ಕಾಯದೆ ಓಡಬೇಕಾದ ಸಂದರ್ಭಗಳೂ ಇವೆ. ಕೆಳಗಿನ ಬುದ್ಧಿಹಲ್ಲಿನ ಬೇರಿನ ಪಕ್ಕದಿಂದ ಸೋಂಕು ದವಡೆಯ ಅಡಿಗೆ, ಅಲ್ಲಿಂದ ಕುತ್ತಿಗೆಗೆ ಇಳಿಯಬಲ್ಲದು. ನಾಲಿಗೆಯ ಕೆಳಗೆ ಅಥವಾ ಗದ್ದದಡಿ ಊದಿ ಗಟ್ಟಿಯಾದರೆ, ಎಂಜಲು ನುಂಗಲಾಗದಿದ್ದರೆ, ಉಸಿರು ಕಷ್ಟವಾದರೆ ಕ್ಲಿನಿಕ್ ಹುಡುಕುತ್ತಾ ಕೂರದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅರ್ಧ ಗಂಟೆ ಒತ್ತಿ ಕಚ್ಚಿದರೂ ರಕ್ತ ಸುರಿಯುತ್ತಲೇ ಇದ್ದರೂ ಹೋಗಿ. ಮೇಲಿನ ಹಲ್ಲು ತೆಗೆಸಿದವರಿಗೆ ಕುಡಿದ ನೀರು ಮೂಗಿನಲ್ಲಿ ಬಂದರೆ ಮೂಗಿನ ಪಕ್ಕದ ಗಾಳಿಗೂಡಾದ ಸೈನಸ್‌ಗೆ ದಾರಿಯಾಗಿದೆ ಅಂತ ಅರ್ಥ. ಸೀನು ಬಂದರೆ ಬಾಯಿ ತೆರೆದು ಸೀನಿ, ಮೂಗು ಸೀಟಬೇಡಿ, ಡಾಕ್ಟರಿಗೆ ತೋರಿಸಿ.

ಕಪ್ಪು ರೇಷ್ಮೆ ದಾರದ ಹೊಲಿಗೆಯನ್ನು ಏಳನೇ ದಿನದ ಹೊತ್ತಿಗೆ ಬಿಚ್ಚುತ್ತಾರೆ, ಕರಗುವ ದಾರವಾದರೆ ತಾನೇ ಉದುರುತ್ತದೆ. ಗುಳಿ ಮುಚ್ಚಲು ಕೆಲವು ವಾರ, ಒಳಗೆ ಮೂಳೆ ತುಂಬಲು ಕೆಲವು ತಿಂಗಳು. ಅಷ್ಟರವರೆಗೆ ಅನ್ನದ ಅಗುಳು ಒಳಗೆ ಸೇರುತ್ತಲೇ ಇರುತ್ತದೆ, ಕಡ್ಡಿ ಹಾಕಿ ಕೆದಕಬೇಡಿ. ಡಾಕ್ಟರ್ ಸರಿ ಅಂದ ಮೇಲೆ, ಸಾಮಾನ್ಯವಾಗಿ ಮೊದಲ ವಾರ ಕಳೆಯುತ್ತಾ, ಸೂಜಿ ಇಲ್ಲದ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ಉಪ್ಪುನೀರು ತುಂಬಿಕೊಂಡು, ತುದಿಯನ್ನು ಗುಳಿಯ ಬಾಯಿಗೆ ಹಿಡಿದು ಮೆಲ್ಲಗೆ ಒತ್ತಿ. ಸೇರಿಕೊಂಡ ಅಗುಳೆಲ್ಲ ಬಂದು, ಬಚ್ಚಲಿಗೆ ಬೀಳುವ ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ಮಾಡಿ.