ಪಾಲಾಗದೆ ಉಳಿದ ಮನೆ

ಬಾಸ್ಟನ್ನಿಗೆ ಸಮೀಪದ ಡೆಡಮ್ ಊರಿನಲ್ಲಿ ಫೇರ್‌ಬ್ಯಾಂಕ್ಸ್ ಮನೆತನದ ಮರದ ಮನೆಯೊಂದಿದೆ. ನಡುವೆ ದೊಡ್ಡ ಇಟ್ಟಿಗೆಯ ಹೊಗೆಗೂಡು, ಮುದಿ ಎತ್ತಿನ ಬೆನ್ನಿನಂತೆ ಬಾಗಿದ ಸೂರು. ಊರಿನಿಂದ ಬಂದ ನಮ್ಮ ದೊಡ್ಡಪ್ಪ ಇದನ್ನು ನೋಡಿ, "ಇಷ್ಟಕ್ಕೂ ಟಿಕೆಟ್ಟೇ?" ಎಂದಿದ್ದರು. ಬೇಲೂರು, ಹಳೇಬೀಡುಗಳನ್ನು ಕಂಡ ಕಣ್ಣಿಗೆ ಹಾಗೆನಿಸುವುದು ಸಹಜವೇ. ಆದರೆ ಅವು ದೇವಾಲಯಗಳು. ಅದೇ ಕಾಲದ ಒಕ್ಕಲಿಗನೊಬ್ಬನ ಮನೆ ನಮ್ಮಲ್ಲಿ ಎಲ್ಲಿದೆ?

ಇಂಗ್ಲೆಂಡಿನ ಯಾರ್ಕ್‌ಶೈರಿನಿಂದ 1633ರಲ್ಲಿ ವಲಸೆ ಬಂದ ಜೊನಾಥನ್ ಫೇರ್‌ಬ್ಯಾಂಕ್ಸ್, ಹೆಂಡತಿ ಗ್ರೇಸ್ ಮತ್ತು ಮಕ್ಕಳಿಗಾಗಿ ಇದನ್ನು ಕಟ್ಟಿಸಿದ. ತೊಲೆಗಳ ಬೆಳವಣಿಗೆಯ ಉಂಗುರಗಳನ್ನು ಅಳೆದು ನೋಡಿದ ತಜ್ಞರು ಕಟ್ಟಿದ ಕಾಲವನ್ನು 1637ರಿಂದ 1641ರ ನಡುವೆ ಇರಿಸಿದ್ದಾರೆ. ಉತ್ತರ ಅಮೆರಿಕದಲ್ಲಿ ಈಗಲೂ ನಿಂತಿರುವ ಮರದ ಚೌಕಟ್ಟಿನ ಮನೆಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಹೇಳುತ್ತಾರೆ. ಎಂಟು ತಲೆಮಾರುಗಳು ಇಲ್ಲಿ ಬಾಳಿದವು. ಕೊನೆಗೆ ಉಳಿದವಳು ಅವಿವಾಹಿತೆ ರೆಬೆಕ್ಕಾ. ಹಣದ ಅಡಚಣೆಯಿಂದ 1890ರ ದಶಕದಲ್ಲಿ ಮನೆ ಪರರ ಕೈ ಸೇರಿತ್ತು. ಚದುರಿಹೋಗಿದ್ದ ವಂಶಸ್ಥರು ಸಂಘ ಕಟ್ಟಿಕೊಂಡು, ಹಿತೈಷಿಗಳ ನೆರವಿನಿಂದ 1904ರಲ್ಲಿ ಅದನ್ನು ಕೊಂಡುಕೊಂಡರು. ಇಂದಿಗೂ ಒಡೆತನ ಆ ಸಂಘದ್ದೇ. ಸರ್ಕಾರ ಇದನ್ನು ರಾಷ್ಟ್ರೀಯ ಸ್ಮಾರಕಗಳ ಪಟ್ಟಿಗೆ ಸೇರಿಸಿದ್ದು 1960ರಲ್ಲಿ, ಅಂದರೆ ಕುಟುಂಬ ಎಚ್ಚೆತ್ತು ಅರ್ಧ ಶತಮಾನ ಕಳೆದ ಮೇಲೆ.

ಇನ್ನೊಂದು ಗುಣ ನನಗೆ ಬಹಳ ಹಿಡಿಸಿತು. ಮೂಲ ಮನೆಗೆ ಮುಂದಿನವರು ಹಿಂದೊಂದು ಇಳಿಜಾರು ಮಾಡು, ಎರಡೂ ಪಕ್ಕಗಳಲ್ಲಿ ಕೋಣೆಗಳನ್ನು ಸೇರಿಸಿದ್ದರು. 'ಮೂಲ ರೂಪ'ದ ಹೆಸರಿನಲ್ಲಿ ಅವನ್ನು ಕಿತ್ತುಹಾಕದೆ, ಅಗತ್ಯವಿದ್ದಷ್ಟೇ ದುರಸ್ತಿ ಮಾಡಿ ಹಾಗೆಯೇ ಉಳಿಸಿಕೊಂಡಿದ್ದಾರೆ. ಜೀರ್ಣೋದ್ಧಾರವೆಂದರೆ ಹೊಳೆಯುವ ಟೈಲ್ಸ್ ಹಾಕಿಸುವುದೆಂದು ತಿಳಿದ ನಮಗೆ ಈ ಸಂಯಮ ಜಿಪುಣತನದಂತೆ ಕಂಡೀತು. ಮನೆತನದ ಮಾನ ಕಳೆದ ಸಂಗತಿಯನ್ನೂ ಅವರು ಮುಚ್ಚಿಡುವುದಿಲ್ಲ: ಪ್ರೇಯಸಿಯನ್ನು ಕೊಂದ ಅಪರಾಧಕ್ಕಾಗಿ 1801ರಲ್ಲಿ ಗಲ್ಲಿಗೇರಿದ ಜೇಸನ್ ಈ ಮನೆಯ ಮಗನೇ.

ನಮ್ಮ ಅಜ್ಜನ ತೊಟ್ಟಿಮನೆಯನ್ನು ಯಾರೂ ದ್ವೇಷದಿಂದ ಕೆಡವಲಿಲ್ಲ. ಐವರಿಗೆ ಪಾಲಾಯಿತು, ಚಾವಡಿಯ ನಡುವೆ ಗೋಡೆ ಎದ್ದಿತು, ಹಲಸಿನ ಕಂಬಗಳು ಹಳೆಯ ಮರದ ವ್ಯಾಪಾರಿಯ ಲಾರಿ ಹತ್ತಿದವು. ಸಹಿ ಹಾಕಿದವರಲ್ಲಿ ನಮ್ಮ ತಂದೆಯೂ ಒಬ್ಬರು, ಅದರಲ್ಲಿ ಬಂದ ಹಣದಿಂದಲೇ ನನ್ನ ಕಾಲೇಜಿನ ಶುಲ್ಕ ಸಂದಾಯವಾಯಿತು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಇಂಥ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಗ್ರಾಮದಲ್ಲಿ ಮರಳಿ ನಿಲ್ಲಿಸಿದ್ದು ಅಸಾಧಾರಣ ಕೆಲಸ. ಆದರೂ ಅಲ್ಲಿನ ಮನೆಗಳಿಗೆ ತಮ್ಮ ಗದ್ದೆ, ಬಾವಿ, ನೆರೆಹೊರೆಗಳಿಲ್ಲ. ಡೆಡಮ್ಮಿನ ಮನೆ ಹುಟ್ಟಿದ ಜಾಗದಲ್ಲೇ ಇದೆ, ಏಕೆಂದರೆ ಅಲ್ಲಿನ ವಾರಸುದಾರರು ಪಾಲು ಕೇಳುವ ಬದಲು ಚಂದಾ ಕೊಟ್ಟರು. ನಮ್ಮಲ್ಲಿ ಮನೆತನದ ನಾಗಬನಕ್ಕೆ ಈಗಲೂ ಎಲ್ಲರೂ ಹೀಗೆಯೇ ಹಣ ಹಾಕುತ್ತಾರೆ. ಮನೆಗೆ ಹಾಕಬಹುದೆಂಬುದು ಮಾತ್ರ ನಮಗಾರಿಗೂ ಹೊಳೆಯಲಿಲ್ಲ.